ಬಾಯಿಬಡುಕ ಪಿಕಪ್ಪು

ಬಸವಪ್ರಭುವಿಗೆ ತನ್ನ ಕಿವಿಗಳ ಬಗ್ಗೆ ಇದ್ದಷ್ಟು ಜಂಬ ಬೇರೆಯವರಿಗೆ ತಮ್ಮ ಮಕ್ಕಳ ಬಗ್ಗೆಯೂ ಇರಲಿಕ್ಕಿಲ್ಲ. ನೋಡಲಿಕ್ಕೆ ಅವು ಹೇಳಿಕೊಳ್ಳುವಂಥ ಕಿವಿಗಳೇನಲ್ಲ. ಬಲಗಿವಿಯ ಮೇಲೆ ಸದಾ ಒಂದು ಬಾಲ್‌ಪೆನ್ನು, ಎಡಗಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ. ಆದರೆ ಪುಣೆಯ ಸದಾಶಿವ ಪೇಠದಲ್ಲಿ ಅವನ ಪಾತ್ರೆಪಗಡದ ಭಾಂಡೆ ಅಂಗಡಿ ನಡೆಯುತ್ತಿದ್ದದ್ದೇ ಆ ಕಿವಿಗಳ ಮೇಲೆ.

ಅಂಗಡಿ ಹಾಕಿದವನು ಅವನ ಅಪ್ಪ ಈರಬಸಪ್ಪ. ಚಡಚಣದ ಕಡೆಯಿಂದ ಬಂದು, ಹಳೇ ವಾಡೆಯೊಂದರ ಕೆಳಗಿನ ಕೋಣೆ ಹಿಡಿದು, ಮೇಲೆ ಸಂಸಾರ ಕೆಳಗೆ ವ್ಯಾಪಾರ ಎಂದು ಬದುಕಿ ಹೋದ ಮನುಷ್ಯ. ಅಪ್ಪನ ನಂತರ ಗಲ್ಲೆಯ ಮೇಲೆ ಕೂತ ಬಸವಪ್ರಭು ಒಂದು ಹೊಸ ಪದ್ಧತಿ ಹಾಕಿಕೊಂಡ. ಗಿರಾಕಿ ಆರಿಸಿದ ಬಟ್ಟಲನ್ನು ಬೆರಳ ತುದಿಗಳ ಮೇಲೆ ನಿಲ್ಲಿಸಿ, ಉಗುರಿನಿಂದ ಅಂಚನ್ನು ಚಿಮ್ಮಿ, ಕಣ್ಣು ಮುಚ್ಚಿ ಕೇಳುವುದು. ನಾದ ಉದ್ದಕ್ಕೆ ನಿಂತರೆ ಮಾಲು ಚೊಕ್ಕ. ಥಟ್ಟನೆ ಸತ್ತರೆ ಲೋಹದಲ್ಲಿ ಏನೋ ಕಲಬೆರಕೆ, ಇಲ್ಲವೇ ಕಣ್ಣಿಗೆ ಕಾಣದ ಬಿರುಕು. ಸದಾಶಿವ ಪೇಠದ ಹೆಂಗಸರು ದೇವರೇ ಪ್ರತ್ಯಕ್ಷನಾಗಿ ನಿಂತರೂ ‘ಯಾವ ಊರಿನವರು, ಯಾರ ಪೈಕಿ’ ಎಂದು ವಿಚಾರಿಸದೆ ಕೈಮುಗಿಯುವವರಲ್ಲ. ಅಂಥವರು ಕೂಡ ಬಸವಪ್ರಭುವಿನ ಕಣ್ಣು ಮುಚ್ಚಿದ್ದನ್ನು ನೋಡಿ ಬಾಯಿ ಮುಚ್ಚುತ್ತಿದ್ದರು. “ಪ್ರಭೂಶೇಠ, ವಾಜವೂನ ದ್ಯಾ” ಅನ್ನುವುದು, ಅಂದರೆ ಬಾರಿಸಿ ಕೊಡಿ ಅನ್ನುವುದು, ಆ ಪೇಠದಲ್ಲಿ ಒಂದು ರೂಢಿಯೇ ಆಗಿಹೋಯಿತು.

ಅಂಗಡಿಯಲ್ಲಿ ಇನ್ನೊಂದು ಸಪ್ಪಳವೂ ಇತ್ತು. ಆ ಕಡೆ ಭಾಂಡೆ ಕೊಂಡವರು ಅದರ ಮೇಲೆ ಹೆಸರು ಹಾಕಿಸದೆ ಹೋಗುವುದಿಲ್ಲ. ಮದುವೆಗೆ ಕೊಡುವ ಕೊಡ, ಮುಂಜಿವೆಗೆ ಕೊಡುವ ತಂಬಿಗೆ, ಎಲ್ಲದರ ಮೇಲೂ ಕೊಟ್ಟವರ ಹೆಸರು ಬರಲೇಬೇಕು. ಇಲ್ಲವಾದರೆ ಕೊಟ್ಟದ್ದಕ್ಕೆ ಸಾಕ್ಷಿ ಏನು? ಅದಕ್ಕೆಂದು ಪೆನ್ನಿನ ಆಕಾರದ ಒಂದು ಕರೆಂಟಿನ ಮಷೀನು. ಅದರ ಹೊಟ್ಟೆಯಲ್ಲಿ ತಾಮ್ರದ ತಂತಿಯ ಸುರುಳಿ, ತುದಿಯಲ್ಲಿ ಮೊಳೆ. ಗುಂಡಿ ಒತ್ತಿದರೆ ಮೊಳೆ ಜರ್ರೆಂದು ನಡುಗುತ್ತ ಲೋಹದ ಮೇಲೆ ಚುಕ್ಕೆಚುಕ್ಕೆಯಾಗಿ ಬರೆಯುತ್ತದೆ. ಅಕ್ಷರ ಸಣ್ಣದು, ಅಂಗಡಿಯಲ್ಲಿ ಬೆಳಕು ಕಡಿಮೆ. ಹೀಗಾಗಿ ಬಸವಪ್ರಭು ತಲೆ ಬಗ್ಗಿಸಿ ಬಟ್ಟಲಿನೊಳಗೇ ಮುಖ ಇಟ್ಟುಕೊಂಡು ಬರೆಯುತ್ತಿದ್ದ. ಹರೆಯದಿಂದ ಅದೇ ಕೆಲಸ. ಪೇಠದಲ್ಲಿ ಯಾರ ಮನೆಯ ತಂಬಿಗೆ ಮಗುಚಿ ನೋಡಿದರೂ ಅವನ ಅಕ್ಷರ ಇರುತ್ತಿತ್ತು.

ಕಿವಿಯ ಜಂಬಕ್ಕೆ ಅಂಗಡಿಯೊಂದೇ ಸಾಲದೆ ಅದು ಗಿಟಾರಿನವರೆಗೂ ಹಬ್ಬಿತು. ತೊಂಬತ್ತೆರಡರಲ್ಲಿ, ಪರೀಕ್ಷೆಯಲ್ಲಿ ಮಣ್ಣುಮುಕ್ಕಿ ಊರಿಗೆ ಹೊರಟಿದ್ದ ಇಂಜಿನಿಯರಿಂಗ್ ಹುಡುಗನೊಬ್ಬ ಹಾಸ್ಟೆಲಿನ ಸಾಮಾನೆಲ್ಲ ಮಾರುತ್ತಿದ್ದ. ಬಸವಪ್ರಭು ಅವನ ಹತ್ತಿರ ಸ್ಟವ್ ಕೊಳ್ಳಲು ಹೋಗಿ, ಬಣ್ಣ ಎದ್ದ ಕೆಂಪು ಎಲೆಕ್ಟ್ರಿಕ್ ಗಿಟಾರನ್ನೂ ಒಂದು ಆಂಪ್ಲಿಫೈಯರ್ ಡಬ್ಬವನ್ನೂ ತಂದ. ಸ್ಟವ್ ಬರಲಿಲ್ಲ. ಹೆಂಡತಿ ನೀತಾ ಎಷ್ಟೋ ದಿನ ಆ ಗಿಟಾರನ್ನು ‘ಸ್ಟವ್’ ಎಂದೇ ಕರೆದಳು.

ಆದರೆ ಮನುಷ್ಯ ಕಲಿತ. ಚೆನ್ನಾಗಿಯೇ ಕಲಿತ. ವಿಜಾಪುರದ ಕಡೆಯಿಂದ ಪುಣೆಗೆ ಬಂದಿದ್ದ ಲೋಕನಾಥ ಎಂಬ ಸಹಕಾರಿ ಬ್ಯಾಂಕಿನ ಗುಮಾಸ್ತ ಆಗ ಒಂದು ಆರ್ಕೆಸ್ಟ್ರಾ ಕಟ್ಟಿದ್ದ. ತಾನು ಕೀಬೋರ್ಡು, ಹಾಡಲಿಕ್ಕೆ ಶೀತಲ್ ಎಂಬ ಮರಾಠಿ ಹುಡುಗಿ, ಗಿಟಾರಿಗೆ ಬಸವಪ್ರಭು. ಲಗ್ನ, ಮಕ್ಕಳಿಗೆ ಹೆಸರಿಡುವ ಬಾರಸೆ, ಗಣಪತಿ ಎಂದು ವರ್ಷವಿಡೀ ಹಳೇ ಹಿಂದಿ ಹಾಡುಗಳನ್ನು ಬಾರಿಸಿಕೊಂಡು ತಿರುಗುತ್ತಿದ್ದರು. ಅಂಗಡಿ ಅಪ್ಪನದು, ಮನೆ ಅವ್ವನದು, ಜಾತ್ಯಸ್ಥರ ಸಂಘದ ಕಾರ್ಯದರ್ಶಿತನ ಮೈಮೇಲೆ ಬಂದು ಬಿದ್ದದ್ದು. ಬಸವಪ್ರಭು ತಾನಾಗಿ ಬೇಕೆಂದು ಆರಿಸಿಕೊಂಡದ್ದು ಆ ಕೆಂಪು ಗಿಟಾರು ಒಂದೇ.

ಆ ಗಿಟಾರಿನ ತಂತಿಗಳ ಕೆಳಗೆ ಮೂರು ಪಿಕಪ್ ಇದ್ದವು. ಪಿಕಪ್ ಅಂದರೆ ಮತ್ತೇನಲ್ಲ, ಅಯಸ್ಕಾಂತಕ್ಕೆ ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಹೆಸರು ಹಾಕುವ ಮಷೀನಿನಲ್ಲಿ ಕರೆಂಟು ಹೋಗಿ ನಡುಕವಾದರೆ, ಇಲ್ಲಿ ಗಿಟಾರಿನ ತಂತಿಯ ನಡುಕ ಹೋಗಿ ಕರೆಂಟಾಗುತ್ತದೆ. ಕುತ್ತಿಗೆಯ ಕಡೆಯ ಪಿಕಪ್ಪಿನ ದನಿ ಗುಂಡಗೆ, ತುಪ್ಪ ಹಚ್ಚಿದಂತೆ. ತಂತಿಗಳನ್ನು ಬಿಗಿದು ಕಟ್ಟುವ ಬ್ರಿಜ್ ಎಂಬ ಜಾಗದ ಪಕ್ಕದಲ್ಲಿರುವ ಪಿಕಪ್ಪು ಮಾತ್ರ ಹುಟ್ಟಾ ಬಾಯಿಬಡುಕ. ಅಲ್ಲಿ ತಂತಿ ಬಿಗಿಯಾಗಿರುವುದರಿಂದ ಅದರ ದನಿ ಚೂಪು. ಬಸವಪ್ರಭುವಿಗೆ ಅದೇ ಬೇಕು. ಉಳಿದೆರಡು ಪಿಕಪ್ಪು ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡುತ್ತವೆ ಎಂದು ಅವನ ದೂರು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಇಂದಾಪುರದಲ್ಲೊಂದು ಲಗ್ನ. ಊಟಕ್ಕೆ ಇನ್ನೂ ಕರೆದಿರಲಿಲ್ಲ, ಆದರೂ ಬಸವಪ್ರಭು ಎರಡನೆಯ ಹಾಡಿನ ನಡುವಿನ ತುಣುಕು ಬಾರಿಸುವಷ್ಟರಲ್ಲಿ ಮೊದಲ ಸಾಲಿನ ಬೀಗರೆಲ್ಲ ಎದ್ದು ಊಟದ ಮಂಟಪಕ್ಕೆ ಹೋಗಿ ಖಾಲಿ ತಾಟಿನ ಮುಂದೆ ಕೂತರು. ವರನ ಸೋದರಮಾವ ಹೋಗುವಾಗ ಎರಡೂ ಕಿವಿಗಳಲ್ಲಿ ಬೆರಳಿಟ್ಟುಕೊಂಡಿದ್ದ. ಶೀತಲ್ ಮೈಕು ಮುಚ್ಚಿ, “ಕಾಕಾ, ಕಾನ ಫುಟತೀಲ ಹೋ!” ಎಂದಳು. ಕಿವಿ ಒಡೆದಾವು ಎಂದು.

ವಾಪಸ್ ಬರುವಾಗ ಟೆಂಪೋದಲ್ಲಿ ಲೋಕನಾಥ ಮಾತು ತೆಗೆದ.

“ಶೇಟಜಿ, ಗಿಟಾರ್ ಬಾರಸ್ತೀಯೋ ಮಂದೀನ್ನ ಓಡಸ್ತೀಯೋ? ಮೊದಲ ಹಿಂಗಿರಲಿಲ್ಲ. ಈಗ ಎರಡು ವರ್ಷಾತು, ಕಿವ್ಯಾಗ ಸೂಜಿ ಹಾಕಿದಂಗ ಆಗ್ತದ.”

“ಗಿಟಾರ್ ಅದ ಹಳೇದು. ಪಿಕಪ್ ಅದ ಹಳೇದು. ಬಾರಸಾಂವಾ ನಾನ ಇದ್ದೀನಿ. ನಿಮ್ಮ ಕಿವೀನ ಕೆಟ್ಟಾವು.”

“ನಮ್ಮೆಲ್ಲಾರ್ದೂ?”

“ಹೌದು, ಎಲ್ಲಾರ್ದೂ.”

ಲೋಕನಾಥ ಸಿಟ್ಟಿಗೇಳಲಿಲ್ಲ. ಮಡಿಲಲ್ಲಿದ್ದ ಕೀಬೋರ್ಡಿನ ಒಂದು ಗುಂಡಿಯ ಮೇಲೆ ಬೆರಳಿಟ್ಟ. “ಇಲ್ಲಿ ನೋಡಪಾ. ಇದನ್ನ ಒತ್ತಿದ್ರ ಗಿಟಾರಿನ ಸಪ್ಪಳ ಬರ್ತದ. ಈ ಸಲ ಗಣಪತಿಗೆ ನಮ್ಮ ಪೇಠದಾಗ ಕಾರ್ಯಕ್ರಮ ಅದ. ಅಷ್ಟರಾಗ ಅದರ ಬಾಯಿ ಮುಚ್ಚಸು. ಆಗಲಿಲ್ಲಂದ್ರ ನೀ ಮುಂದ ಕುರ್ಚಿ ಮ್ಯಾಲ ಕೂತು ಕೇಳು, ನಾ ಗುಂಡಿ ಒತ್ತತೀನಿ.”

ಒಂದು ಪ್ಲಾಸ್ಟಿಕ್ ಗುಂಡಿ! ಬೇರೆ ಗಿಟಾರಿನವನನ್ನು ತರುತ್ತೇನೆ ಎಂದಿದ್ದರೆ ಬಸವಪ್ರಭು ಜಗಳ ತೆಗೆದು ಹಗುರಾಗುತ್ತಿದ್ದ. ತನ್ನ ಜಾಗಕ್ಕೆ ಒಂದು ಗುಂಡಿ ಸಾಕು ಎಂದರೆ ಜಗಳ ತೆಗೆಯುವುದಾದರೂ ಯಾರ ಜೊತೆ?

ಮರುದಿನದಿಂದಲೇ ಆ ಪಿಕಪ್ಪಿಗೆ ಚಿಕಿತ್ಸೆ ಸುರುವಾಯಿತು. ಮೊದಲು ಅದರ ಎರಡೂ ಬದಿಯ ಸ್ಕ್ರೂ ತಿರುವಿ ಅದನ್ನು ತಂತಿಗಳಿಂದ ಕೆಳಕ್ಕಿಳಿಸಿದ. ದೂರ ಕೂತರೆ ಬಡಬಡಿಕೆ ಕಡಿಮೆಯಾಗುತ್ತದೆ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ಗಿಟಾರಿನ ಹೊಟ್ಟೆ ಬಿಚ್ಚಿ ನೋಡಿದರೆ, ದನಿಯ ಚೂಪು ಇಳಿಸುವ ಟೋನ್ ಗುಂಡಿ ಉಳಿದೆರಡು ಪಿಕಪ್ಪುಗಳಿಗೆ ಮಾತ್ರ ಇತ್ತು. ಇದನ್ನು ಯಾರ ಅಂಕೆಯೂ ಇಲ್ಲದೆ ಬಿಟ್ಟಿದ್ದರು. ಎಲೆಕ್ಟ್ರಿಕ್ ಸಾಮಾನಿನ ತಪಕೀರ ಗಲ್ಲಿಗೆ ಹೋಗಿ ಕಡಲೆಕಾಳಿನಷ್ಟು ಒಂದು ಕಂಡೆನ್ಸರು ತಂದು, ಕೊಡಗಳಿಗೆ ಬೆಸುಗೆ ಹಾಕಿದ ಕೈಯಿಂದಲೇ ಬೆಸುಗೆ ಹಾಕಿ ಬ್ರಿಜ್ ಪಿಕಪ್ಪನ್ನೂ ಆ ಗುಂಡಿಗೆ ಕಟ್ಟಿದ. ಇದೂ ಸರಿಯಾಗಿಯೇ ಇತ್ತು.

ಅವನ ಅವ್ವ ಬಸವಣ್ಣೆವ್ವ ಇದನ್ನೆಲ್ಲ ನೋಡುತ್ತಿದ್ದಳು. ಕಿವಿ ದೂರಾಗಿವೆ ಎಂದು ಮನೆಮಂದಿಯೆಲ್ಲ ನಂಬಿದ ಮುದುಕಿ. ಕೆಲಸ ಹೇಳಲು ಕರೆದರೆ ಅವಳಿಗೆ ಕೇಳಿಸುತ್ತಿರಲಿಲ್ಲ, ಅದಕ್ಕೇ ಹಾಗೆ ನಂಬಿದ್ದರು. ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದವಳು ಉಳಿದ ವಿಭೂತಿಯನ್ನು ತಂದು ಮೂರೂ ಪಿಕಪ್ಪಿಗೂ ಮೂರು ಮೂರು ಬೆರಳೆಳೆದಳು.

“ಯವ್ವಾ, ಅದಕ್ಯಾಕ ಹಚ್ಚತಿ?”

“ಒದರ್ತದಲ್ಲ. ದೃಷ್ಟಿ ಆಗಿರಬೇಕು.”

ಅವನು ಒರೆಸಲಿಲ್ಲ. ಸ್ಕ್ರೂ, ಕಂಡೆನ್ಸರು, ವಿಭೂತಿ, ಇಷ್ಟೆಲ್ಲ ಆದ ಮೇಲೆ ವಾಡೆಯ ಮಾಳಿಗೆಯಲ್ಲಿ ಗಿಟಾರು ಹೆಗಲಿಗೆ ಹಾಕಿ ಬಾರಿಸಿ ನೋಡಿದ. ಏನೂ ಇಲ್ಲ! ದನಿ ಕಂಬಳಿ ಹೊದ್ದು ಮಲಗಿತ್ತು. “ಸತ್ತ ಹೋತಲ್ಲೋ ಇದು!” ಎಂದು ಗಾಬರಿಬಿದ್ದು ಆಂಪ್ಲಿಫೈಯರಿನಲ್ಲಿ ದನಿಯ ಚೂಪು ಏರಿಸುವ ಟ್ರೆಬಲ್ ಗುಂಡಿಯನ್ನು ತಿರುವಿದ. ಇನ್ನೂ ತಿರುವಿದ. ಅದು ಕೊನೆಗೆ ಮುಟ್ಟಿ ನಿಂತಾಗ ಸ್ವಲ್ಪ ಜೀವ ಬಂದಂತಾಯಿತು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನೀತಾ ಬಂದು ಬಾಗಿಲು ಹಾಕಿಕೊಂಡಳು. ರೊಟ್ಟಿಯ ಹೊಗೆ ಇವನಿಗೆ ತಾಗಬಾರದೆಂದು ಹಾಕಿಕೊಂಡಳು ಎಂದು ಅವನು ತಿಳಿದ. ಗಂಡಸರು ಇಂಥ ವಿಷಯದಲ್ಲಿ ಭಾರಿ ಉದಾರಿಗಳು.

ಅಭ್ಯಾಸಕ್ಕೆ ಹೋದಾಗ ಲೋಕನಾಥ ಒಂದೇ ಹಾಡಿಗೆ ಕೈ ಎತ್ತಿದ. “ಮೊದಲ ಸೂಜಿ ಇತ್ತು. ಈಗ ದಬ್ಬಣ ಆಗ್ಯದ.” ಬಸವಪ್ರಭು ಮನೆಗೆ ಬಂದು ಪಿಕಪ್ಪನ್ನು ಮತ್ತಷ್ಟು ಇಳಿಸಿದ, ದಪ್ಪ ತಂತಿ ಹಾಕಿದ, ಬೇರೆ ಕಂಡೆನ್ಸರು ಕೂಡಿಸಿದ. ಪ್ರತಿ ಸಲವೂ ಪಿಕಪ್ಪಿನ ಬಾಯಿ ಮುಚ್ಚುತ್ತಿತ್ತು. ಪ್ರತಿ ಸಲವೂ ಅವನೇ ಆಂಪ್ಲಿಫೈಯರಿನ ಗುಂಡಿ ತಿರುವಿ ಅದರ ಬಾಯಿ ತೆರೆಯುತ್ತಿದ್ದ. ‘ಹ್ಯಾಂಗ ಕೇಳ್ತದ?’ ಎಂದು ಮನೆಯಲ್ಲಿ ಒಬ್ಬರನ್ನೂ ಕೇಳಲಿಲ್ಲ. ಪೇಠಕ್ಕೆಲ್ಲ ಬಾರಿಸಿ ಕೊಡುವ ಕಿವಿ ತನ್ನಲ್ಲಿರುವಾಗ ಇನ್ನೊಬ್ಬರನ್ನು ಕೇಳುವುದೇನು?

ಶ್ರಾವಣದಲ್ಲಿ ವಿಮಾನ ನಗರದ ಹೊಸ ಫ್ಲ್ಯಾಟೊಂದರ ವಾಸ್ತುಶಾಂತಿಗೆ ಆರ್ಡರು ಬಂತು. ಬಂದವರಿಗೆಲ್ಲ ಒಂದೊಂದು ಸಣ್ಣ ಕಂಚಿನ ಬಟ್ಟಲು, ಮೇಲೆ ಮನೆಯವರ ಹೆಸರು. ಮಾಲು ತಂದವನು ಸಗಟು ವ್ಯಾಪಾರಿ ಭುಜಂಗ. ಈರಬಸಪ್ಪನ ಕಾಲದಿಂದ ಅಂಗಡಿಗೆ ಮಾಲು ಹಾಕುತ್ತ ಬಂದವನು, ಈ ಮನೆಯವರ ಜೊತೆ ತಿರುಗಿ ತಿರುಗಿ ಕನ್ನಡವನ್ನೂ ಹರಕುಮುರುಕಾಗಿ ಕಲಿತವನು. ಈಚೆಗೆ ಎರಡು ವರ್ಷದಿಂದ ಬಸವಪ್ರಭು ಅವನ ಮಾಲನ್ನು ‘ನಾದ ಇಲ್ಲ’ ಎಂದು ವಾಪಸ್ ಕಳಿಸುವುದು ಒಂದು ಚಾಳಿಯಾಗಿತ್ತು.

ಭುಜಂಗ ಗೋಣಿಚೀಲ ಬಿಚ್ಚಿದ. ಬಸವಪ್ರಭು ಒಂದು ಬಟ್ಟಲನ್ನು ಬೆರಳ ತುದಿಗೆ ನಿಲ್ಲಿಸಿ ಚಿಮ್ಮಿದ. ಟಕ್. ಅಷ್ಟೇ. ಇನ್ನೊಂದು. ಟಕ್.

“ಭುಜಂಗರಾವ್, ಇದು ಕಂಚಲ್ಲ, ಕುಂಬಾರನ ಗಡಿಗಿ.”

“ಪ್ರಭೂಶೇಠ, ಇದ ಮಾಲ ಎದುರಿನ ಅಂಗಡಿಯಂವಾ ಕಣ್ಣು ಮುಚ್ಚಿ ತಗೋತಾನ.”

“ಅವಂಗ ಕಿವಿ ಇಲ್ಲ, ತಗೋತಾನ. ನನಗ ಅದಾವು.”

ಹೀಗೆ ಹೇಳಿ ಮೂರನೆಯ ಬಟ್ಟಲನ್ನು ಚಿಮ್ಮಿ, ಭುಜಂಗನ ಮೂಗಿನ ಮುಂದೆ ಹಿಡಿದು, ಸಾಕ್ಷಿ ಹೇಳು ಎಂಬಂತೆ ನಿಂತ. ಗಲ್ಲೆಯ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಬಸವಣ್ಣೆವ್ವ ಮುಖ ಕಿವುಚಿದಳು.

“ಪ್ರಭೂ, ಅದನ್ನ ಎಷ್ಟೊತ್ತು ಹಿಡಕೊಂಡು ನಿಂದರ್ತಿ? ಬಂದ್ ಮಾಡು.”

“ಏನ ಬಂದ್ ಮಾಡ್ಲಿ ಯವ್ವಾ?”

“ಬಟ್ಟಲಾ. ಗುಂಯ್ ಅನ್ಲಿಕತ್ತದಲ್ಲ, ತಲಿ ಹಿಡೀತು.”

“ಇದೇನ್ ಗುಂಯ್ ಅಂತದ? ಆಗಲೇ ಸತ್ತದ ಇದು.”

ಮುದುಕಿ ಎದ್ದು ಬಂದಳು. ಬೆಳ್ಳುಳ್ಳಿಯ ಎರಡು ಬೆರಳಿನಿಂದ ಬಟ್ಟಲಿನ ಅಂಚನ್ನು ಚಿವುಟಿ ಹಿಡಿದಳು. “ಹಾಂ, ಈಗ ನಿಂತ್ತು” ಎಂದು ಹೋಗಿ ಕೂತಳು.

ಬಸವಪ್ರಭು ಅವ್ವನನ್ನು ನೋಡುತ್ತಿರಲಿಲ್ಲ. ಭುಜಂಗನನ್ನು ನೋಡುತ್ತಿದ್ದ. ಅಲ್ಲಿಯವರೆಗೆ ಬಟ್ಟಲಿನ ಕಡೆಗೆ ವಾಲಿದ್ದ ಭುಜಂಗನ ತಲೆ, ಅವ್ವನ ಬೆರಳು ತಾಗಿದ ಕೂಡಲೇ ನೆಟ್ಟಗಾಯಿತು. ಇಬ್ಬರೂ ಮಾತಾಡಿಕೊಂಡು ಮಾಡಿದ ನಾಟಕವಾಗಿರಲು ಸಾಧ್ಯವಿರಲಿಲ್ಲ. ಬಸವಪ್ರಭು ನಾಲ್ಕನೆಯ ಬಟ್ಟಲನ್ನು ಎತ್ತಿಕೊಂಡ. ಚಿಮ್ಮಿದ. ಟಕ್. ಆದರೆ ಈ ಸಲ ಕೇಳಿಸಿಕೊಳ್ಳಲು ಹೋಗದೆ ಬೆರಳ ತುದಿಗಳ ಕಡೆಗೆ ಗಮನ ಕೊಟ್ಟ. ಚರ್ಮದ ಮೇಲೆ ಇರುವೆ ಹರಿದಂತೆ ಸಣ್ಣ ನಡುಕ. ಅದು ನಿಲ್ಲಲಿಲ್ಲ. ಹರಿಯುತ್ತಲೇ ಇತ್ತು, ಹರಿಯುತ್ತಲೇ ಇತ್ತು.

“ಇಟ್ಟು ಹೋಗ್ರಿ ಭುಜಂಗರಾವ್. ಮಾಲ ಚೊಲೋ ಅದ.”

ಭುಜಂಗ ಇಷ್ಟು ಸುಲಭಕ್ಕೆ ಗೆದ್ದದ್ದನ್ನು ನಂಬಲಾರದೆ, ಶೇಟರಿಗೆ ಜ್ವರ ಬಂದಿದೆಯೋ ಏನೋ ಎಂದು ಎರಡೆರಡು ಸಲ ತಿರುಗಿ ನೋಡುತ್ತ ಹೋದ. ಎರಡು ವರ್ಷ ಚಿನ್ನದಂಥ ಮಾಲನ್ನು ಬೈದು ಬೈದು ವಾಪಸ್ ಕಳಿಸಿದ್ದು ಬಸವಪ್ರಭುವಿನ ಮನಸ್ಸಿಗೆ ಬಂತು. ಅದರ ಹಿಂದೆಯೇ ಮಾಳಿಗೆಯ ಮೇಲಿನ ಟ್ರೆಬಲ್ ಗುಂಡಿಯೂ ಬಂತು. ಇಂದಾಪುರದ ಬೀಗರು ಬಂದರು, ಕಿವಿಯಲ್ಲಿ ಬೆರಳಿಟ್ಟ ಸೋದರಮಾವ ಬಂದ. ಎಲ್ಲರ ಕಿವಿಗಳೂ ನೆಟ್ಟಗಿದ್ದವು. ಬಸವಪ್ರಭುವಿಗೆ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಆ ಹೊತ್ತಿಗೆ ಒಬ್ಬ ಹೆಂಗಸು ಬಂದು ವಾಜವೂನ ದ್ಯಾ ಎಂದಾಗ ಅವನು ಯಥಾಪ್ರಕಾರ ಕಣ್ಣು ಮುಚ್ಚಿ, ಏನೂ ಕೇಳಿಸದಿದ್ದರೂ, “ಚೊಕ್ಕ ಅದ” ಎಂದು ಕೊಟ್ಟ. ಕೊಟ್ಟ ಮೇಲೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಯಾರಿಗೂ ಹೇಳದೆ ಕಿವಿಯ ಡಾಕ್ಟರ ಹತ್ತಿರ ಹೋದ. ಅಲ್ಲಿ ಗಾಜಿನ ಕೋಣೆಯಲ್ಲಿ ಕೂಡಿಸಿ, ತಲೆಗೆ ಯಂತ್ರ ಹಾಕಿ, ಸಪ್ಪಳ ಕೇಳಿದಾಗ ಬೆರಳೆತ್ತಿ ಎಂದರು. ಬಸವಪ್ರಭು ಸ್ವಲ್ಪ ಹೊತ್ತು ಪ್ರಾಮಾಣಿಕನಾಗಿದ್ದ. ಆಮೇಲೆ ಗಾಜಿನಾಚೆ ಡಾಕ್ಟರರ ಹೆಬ್ಬೆರಳು ಗುಂಡಿ ಒತ್ತುವುದು ಕಂಡಿತು. ಅದು ಒತ್ತಿದಾಗೆಲ್ಲ ಇವನು ಬೆರಳೆತ್ತಿದ. ನಲವತ್ತೇಳು ವರ್ಷದ ಗೃಹಸ್ಥ, ಜಾತ್ಯಸ್ಥರ ಸಂಘದ ಕಾರ್ಯದರ್ಶಿ, ಕಿವಿಯ ಪರೀಕ್ಷೆಯಲ್ಲಿ ಕಾಪಿ ಹೊಡೆದ! ಡಾಕ್ಟರು ಬಂದು ಅವನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಮತ್ತೆ ಮೊದಲಿನಿಂದ ಸುರು ಮಾಡಿದರು.

ಫಲಿತಾಂಶ ಬಂತು. ಕೆಳಗಿನ ದನಿಗಳು ಗಟ್ಟಿಯಾಗಿವೆ, ಮೇಲಿನ ಸಣ್ಣ ಚೂಪು ದನಿಗಳು ಹೋಗಿವೆ, ಹೋದದ್ದು ಬರುವುದಿಲ್ಲ. ಹೆಸರು ಹಾಕುವ ಮಷೀನಿನ ಜರ್ರು ವರ್ಷಗಟ್ಟಲೆ ಕಿವಿಯ ಬುಡದಲ್ಲೇ ಆದರೆ ಹೀಗಾಗುತ್ತದೆ. “ಮಾತು ಕೇಳ್ತದೆ, ಟ್ರಕ್ ಕೇಳ್ತದೆ. ಗುಬ್ಬಿ ಚಿಂವ್‌ಚಿಂವ್, ಹೆಂಗಸರ ಬಳೆ, ಇಂಥವು ಕೇಳೋದಿಲ್ಲ” ಎಂದು ಡಾಕ್ಟರು ಮರಾಠಿಯಲ್ಲಿ ತಿಳಿಹೇಳಿದರು. ಕಿವಿಗೆ ಯಂತ್ರ ಬೇಕಾದರೆ ನೋಡೋಣ ಎಂದರು. “ಇರೋ ಮಷೀನಿಂದನ ಇದಾತಲ್ರಿ” ಎಂದು ಬಸವಪ್ರಭು ಎದ್ದು ಬಂದ.

ಗುಬ್ಬಿಯ ಚಿಂತೆ ಅವನಿಗಿರಲಿಲ್ಲ. ದಾರಿಯುದ್ದಕ್ಕೂ ಬಳೆ ಎಂಬ ಮಾತೊಂದೇ ತಲೆಯಲ್ಲಿ ಕೂತಿತು. ನೀತಾಳ ಬಳೆಯ ಸಪ್ಪಳ ಕೇಳಿ ಎಷ್ಟು ಕಾಲವಾಯಿತು? ಅವಳು ಗಾಜಿನ ಬಳೆ ಬಿಟ್ಟಿರಬೇಕು ಎಂದುಕೊಂಡಿದ್ದ. ವಯಸ್ಸಾಯಿತು, ಬಿಟ್ಟಿದ್ದಾಳೆ, ಕೇಳುವುದೇನು ಎಂದು ಸುಮ್ಮನಿದ್ದ. ಮನೆ ಹೊಕ್ಕು ನೋಡಿದರೆ ಅವಳು ಶ್ರಾವಣದ ಹಸಿರು ಬಳೆ ಕೈತುಂಬ ಇಟ್ಟುಕೊಂಡು ಹಿಟ್ಟು ನಾದುತ್ತಿದ್ದಳು.

“ನೀತಾ, ನಿನ್ನ ಬಳಿ ಸಪ್ಪಳ ಮಾಡ್ತಾವೇನು?”

“ಇದೆಂಥ ಪ್ರಶ್ನಿ ರೀ? ಬಳಿ ಸಪ್ಪಳ ಮಾಡದ ಮಂತ್ರಾ ಹೇಳ್ತಾವೇನು?” ಎಂದು ಅವಳು ಹಿಟ್ಟಿನ ಕೈಯನ್ನು ಅವನ ಮುಖದ ಮುಂದೆ ಅಲ್ಲಾಡಿಸಿದಳು.

ಬಳೆಗಳು ಮೇಲೆ ಹೋದವು, ಕೆಳಗೆ ಬಂದವು. ಒಂದಕ್ಕೊಂದು ಬಡಿದದ್ದು ಕಣ್ಣಿಗೆ ಕಂಡಿತು. ಕಿವಿಗೆ ಏನೂ ಬರಲಿಲ್ಲ. ಬಸವಪ್ರಭುವಿನ ಮುಖ ನೋಡಿ ನೀತಾಳ ನಗು ಹೋಯಿತು. ಅವಳು ಮತ್ತೊಮ್ಮೆ, ಮೆಲ್ಲಗೆ ಅಲ್ಲಾಡಿಸಿದಳು. ಅವನು ಅಡ್ಡಡ್ಡ ತಲೆಯಾಡಿಸಿದ.

ಮೂಲೆಯ ಮಣೆಯ ಮೇಲೆ ಕೂತು ಎಲ್ಲ ಹೇಳಿದ. ಬಟ್ಟಲು, ಭುಜಂಗ, ಡಾಕ್ಟರು, ಕಾಪಿ ಹೊಡೆದದ್ದನ್ನೂ ಬಿಡಲಿಲ್ಲ. ಕಣ್ಣಲ್ಲಿ ನೀರು ಬಂತು. ಅದು ಹೆಂಡತಿಯ ಮುಂದೆ ಬಂದದ್ದಕ್ಕೆ ಸಿಟ್ಟೂ ಬಂತು. ನೀತಾ ಎರಡು ವರ್ಷದಿಂದ ಅಡಿಗೆಮನೆಯಿಂದ ಸೌಟು ಬಡಿದು ಕರೆದರೂ ಈ ಮನುಷ್ಯ ಬರದಿದ್ದದ್ದನ್ನು ನೋಡಿದ್ದಳು. ಕರೆದರೆ ಬಾರದಿರುವುದು ಗಂಡಂದಿರ ಹುಟ್ಟುಗುಣ ಎಂದು ಬಿಟ್ಟಿದ್ದಳು.

“ಲೋಕನಾಥಗ ಹೇಳಿಬಿಡ್ತೀನಿ, ಗುಂಡಿ ಒತ್ತಕೋ ಅಂತ” ಎಂದ ಅವನು.

“ಯಾಕ? ಬೆರಳು ಬಿದ್ದು ಹೋಗ್ಯಾವೇನು?”

“ಕಿವಿ ಇಲ್ಲದ ಹ್ಯಾಂಗ ಬಾರಸ್ಲಿ?”

“ನನಗ ಅದಾವಲ್ಲ ಎರಡು” ಎಂದಳು ನೀತಾ. “ಈ ಮನ್ಯಾಗ ಯಾರರೆ ಒಮ್ಮೆ ಕೇಳ್ಯಾರೇನು ಅವನ್ನ?”

ಅವಳು ಕೈ ತೊಳೆದುಕೊಂಡು ಮಾಳಿಗೆಗೆ ನಡೆದಳು. ಹನ್ನೊಂದು ವರ್ಷದಲ್ಲಿ ‘ಮುಟ್ಟಬ್ಯಾಡ, ಕೈಯಾಗ ಹಿಟ್ಟದ’ ಎಂಬ ಮಾತು ಬಿಟ್ಟರೆ ಆ ಗಿಟಾರಿನ ವಿಷಯದಲ್ಲಿ ಗಂಡ ಅವಳಿಗೆ ಬೇರೇನೂ ಹೇಳಿರಲಿಲ್ಲ. ಈಗ ಅವನೇ ಹೆಗಲಿಗೆ ಹಾಕಿಕೊಂಡು, ಗುಂಡಿಗಳನ್ನು ತೋರಿಸಿ, “ನೀನ ತಿರುವು” ಎಂದ. ನೀತಾ ಮೊಟ್ಟಮೊದಲು ಆಂಪ್ಲಿಫೈಯರಿನ ಟ್ರೆಬಲ್ ಗುಂಡಿಯನ್ನು ಹಿಡಿದು ಅರ್ಧಕ್ಕಿಂತ ಕೆಳಗೆ ತಂದಳು, ಎಷ್ಟೋ ದಿನದ ಸೇಡು ತೀರಿಸಿಕೊಂಡವಳಂತೆ. ಆಮೇಲೆ ಗಿಟಾರಿನ ಟೋನ್ ಗುಂಡಿಯನ್ನು ಎಳ್ಳಷ್ಟೆಳ್ಳಷ್ಟೇ ತಿರುವುತ್ತ ಹೋದಳು.

“ಇಲ್ಲಿ ಖಾರ ಆತು. ಇಲ್ಲಿ ತೀರಾ ಸಪ್ಪಗ. ಇನ್ನೊಮ್ಮೆ ಬಾರಸ್ರಿ. ಅಲ್ಲಿ ತುದೀಗೆ ಬಾರಸಬ್ಯಾಡ್ರಿ, ಕೈ ಈ ಕಡೆ ಸ್ವಲ್ಪ ತರ್ರಿ, ಕುತ್ತಿಗಿ ಕಡೆ. ಹಾಂ! ನಿಂದರ್ರಿ. ಇದು.”

“ಇದಾ? ಬಾಯ್ತುಂಬ ಅನ್ನ ಇಟಗೊಂಡಂಗ ಕೇಳ್ತದ ನನಗ.”

“ನೀವು ಬಾರಸೋದು ನಿಮಗ ಕೇಳ್ಲಿ ಅಂತೋ, ಮಂದಿಗೆ ಕೇಳ್ಲಿ ಅಂತೋ?”

ಖರೆ ಉತ್ತರ ಹೇಳಿದ್ದರೆ ‘ನನಗೆ’ ಎನ್ನಬೇಕಾಗುತ್ತಿತ್ತು. ಗುಂಡಿ ಮತ್ತೆ ಜರುಗಬಾರದೆಂದು ಕೆಳಗಿನಿಂದ ಹೆಸರು ಹಾಕುವ ಮಷೀನು ತಂದ. ಅದನ್ನು ಚಾಲೂ ಮಾಡಿದ ಕೂಡಲೇ ಪಿಕಪ್ಪು ಅದರ ಜರ್ರನ್ನು ಹಿಡಿದು ಆಂಪ್ಲಿಫೈಯರಿನಲ್ಲಿ ಒದರಿತು. ಒಂದೇ ಜಾತಿಯವಲ್ಲವೇ, ಗುರುತು ಸಿಕ್ಕಿತು. ಆಂಪ್ಲಿಫೈಯರು ಆರಿಸಿ, ಗುಂಡಿ ನಿಂತ ಜಾಗಕ್ಕೆ ಸರಿಯಾಗಿ ಗಿಟಾರಿನ ತಗಡಿನ ಮೇಲೆ ಒಂದು ಗೆರೆ ಕೊರೆದ. ಕೈ ಅಲ್ಲಿಗೆ ನಿಲ್ಲಲಿಲ್ಲ. ಜೀವನವಿಡೀ ಮಾಡಿದ ಕೆಲಸ. ಗೆರೆಯ ಪಕ್ಕದಲ್ಲಿ ತಾನಾಗಿ ‘ಸೌ. ನೀತಾ’ ಎಂದು ಬರೆದುಬಿಟ್ಟಿತು.

“ನನ್ನ ಹೆಸರ್ಯಾಕ ಹಾಕಿದ್ರಿ? ಕಳವಾದ್ರ ತಂದು ನನಗ ಕೊಡ್ತಾರಂತೋ?” ಎಂದಳು. ಆದರೆ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು.

ಗಣಪತಿಯ ಆ ಸಂಜೆ ಪೇಠದ ಮಂಟಪ ತುಂಬಿತ್ತು. ಮೊದಲ ಸಾಲಿನಲ್ಲಿ ನೀತಾ, ಪಕ್ಕದಲ್ಲಿ ಬಸವಣ್ಣೆವ್ವ, ಹಿಂದೆ ಅವನಿಂದ ಬಾರಿಸಿ ಕೊಂಡ ಬಟ್ಟಲುಗಳ ಒಡತಿಯರೆಲ್ಲ. ಲೋಕನಾಥನ ಒಂದು ಬೆರಳು ಹಾಡು ಸುರುವಾಗುವ ಮೊದಲೇ ಆ ಗುಂಡಿಯ ಮೇಲಿತ್ತು. ಬಸವಪ್ರಭು ನಡುವಿನ ತುಣುಕನ್ನು ಎತ್ತಿಕೊಂಡ. ಕಿವಿಗೆ ಬಂದದ್ದು ಅದೇ ಕಂಬಳಿಯ ದನಿ. ತಾನು ಬಾರಿಸುತ್ತಿರುವುದು ಮಣ್ಣೋ ಮಸಿಯೋ ಎಂದು ದಿಗಿಲಾಯಿತು. ಬೆನ್ನ ಹಿಂದೆಯೇ ಆಂಪ್ಲಿಫೈಯರು. ಒಂದು ಸಲ ಕೈ ಚಾಚಿದರೆ ಟ್ರೆಬಲ್ ಗುಂಡಿ ಸಿಗುತ್ತದೆ. ತುಣುಕು ಮುಗಿದ ಕ್ಷಣಕ್ಕೆ ಕೈ ಅತ್ತ ಹೊರಟೇಬಿಟ್ಟಿತು. ಮೊದಲ ಸಾಲಿನಿಂದ ನೀತಾ ಹುಬ್ಬು ಗಂಟಿಕ್ಕಿದಳು. ಹನ್ನೊಂದು ವರ್ಷ ಅವನು ಅವಳಿಗೆ ‘ಮುಟ್ಟಬ್ಯಾಡ’ ಎಂದದ್ದನ್ನೆಲ್ಲ ಅವಳು ಆ ಒಂದು ಹುಬ್ಬಿನಲ್ಲಿ ವಾಪಸ್ ಕೊಟ್ಟಳು. ಅವನು ಕೈ ಹಿಂದೆಗೆದುಕೊಂಡ.

ಅಲ್ಲಿಂದ ಮುಂದೆ ಅವನು ಗಿಟಾರನ್ನು ಕೇಳುವ ಗೊಡವೆಗೆ ಹೋಗಲಿಲ್ಲ, ಮುಖಗಳನ್ನು ನೋಡುತ್ತ ಬಾರಿಸಿದ. ಯಾರೂ ಕಿವಿ ಮುಚ್ಚಲಿಲ್ಲ. ಪ್ರಸಾದ ಹಂಚುತ್ತಿದ್ದರೂ ಯಾರೂ ಏಳಲಿಲ್ಲ. ಸದಾಶಿವ ಪೇಠದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಬಸವಣ್ಣೆವ್ವ ಬಾಯಿ ತೆರೆದುಕೊಂಡು ಕೂತಿದ್ದಳು. ಮೂರನೆಯ ಹಾಡಿಗೆ ಲೋಕನಾಥನ ಬೆರಳು ಆ ಗುಂಡಿ ಬಿಟ್ಟು ತನ್ನ ಕೆಲಸಕ್ಕೆ ಹೋಯಿತು. ಕೊನೆಯ ಹಾಡು ಗಿಟಾರಿನ ಒಂದೇ ಸ್ವರದಲ್ಲಿ ಮುಗಿಯುವಂಥದು. ಬಸವಪ್ರಭು ತಂತಿ ಎಳೆದು ಹಿಡಿದು, ದನಿ ಪೂರ್ತಿ ಆರಿತು ಅನಿಸಿದ ಮೇಲೆ ಬೆರಳು ತೆಗೆದ.

“ಶೇಟಜಿ, ಏನ ಮಾಡಿದ್ಯೋ ಅದಕ್ಕ? ಯಾವ ಮೆಕ್ಯಾನಿಕ್?” ಎಂದು ಲೋಕನಾಥ ಅಪ್ಪಿಕೊಂಡ.

“ಮನ್ಯಾಗ ಒಬ್ರು ಅದಾರ” ಎಂದ ಬಸವಪ್ರಭು. ಆದರೆ ಅವನ ಜೀವ ಅಲ್ಲಿರಲಿಲ್ಲ. ಎಲ್ಲರೂ ಕೇಳಿ ಹೊಗಳಿದ್ದನ್ನು ತಾನೊಬ್ಬನೇ ಕೇಳಿರಲಿಲ್ಲ. ತಾನು ಮಾಡಿದ ಅಡಿಗೆಯನ್ನು ಊರೆಲ್ಲ ಉಂಡು ತನಗೆ ಖಾಲಿ ತಪ್ಪಲೆ ಬಿಟ್ಟಂತಾಗಿತ್ತು. ಮನೆಯ ಕಡೆ ನಡೆಯುವಾಗ ಹೆಂಡತಿಯನ್ನು ಕೇಳಿದ:

“ಹ್ಯಾಂಗಿತ್ತು?”

“ಚೊಲೋ ಇತ್ತು.”

“ಚೊಲೋ ಅಂದ್ರ ಆಗಲಿಲ್ಲ. ಪೂರಾ ಹೇಳು. ಮೊದಲನೇದರಿಂದ.”

ನೀತಾ ಹೇಳಿದಳು. ಮೊದಲನೆಯದು ಹೆದರಿ ಹೆದರಿ ಬಂತು. ಎರಡನೆಯದರಲ್ಲಿ ಶೀತಲ್ ಉಸಿರು ತೆಗೆದುಕೊಂಡ ಕಡೆ ನಿಮ್ಮದು ಒಂದು ತುಣುಕು ಬಂತಲ್ಲ, ತಟ್ಟೆಯ ಮೇಲಿನ ಬಿಸಿ ತುಪ್ಪದಂತೆ ಜಾರಿತು. ನಾಲ್ಕನೆಯದರಲ್ಲಿ ಒಂದು ಕಡೆ ಬೆರಳು ತಪ್ಪಿತು, ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಅವನು ‘ಮುಂದ?’ ‘ಮುಂದ?’ ಎನ್ನುತ್ತ, ತನ್ನದೇ ಗಿಟಾರನ್ನು ಹೆಂಡತಿಯ ಬಾಯಿಂದ ಕೇಳುತ್ತ ನಡೆದ. ಬಸವಣ್ಣೆವ್ವ ಹಿಂದಿನಿಂದ, “ನಡೀರಿ, ಕಾಲು ನೋಯ್ತಾವು” ಎಂದದ್ದು ಇಬ್ಬರಿಗೂ ಕೇಳಲಿಲ್ಲ.

“ಮತ್ತ ಕೊನೀದು? ಎಷ್ಟೊತ್ತು ನಿಂತ್ತು?”

ನೀತಾ ಸ್ವಲ್ಪ ಅನುಮಾನಿಸಿದಳು. “ಇನ್ನೂ ಇತ್ತು ರೀ” ಎಂದಳು. “ಸಣ್ಣಗ ನಡದಿತ್ತು. ನೀವ ಕೈ ತಗದ್ರಿ.”

ಬಸವಪ್ರಭು ನಡುರಸ್ತೆಯಲ್ಲಿ ನಿಂತ. ಹಿಂದಿದ್ದ ರಿಕ್ಷಾದವನು ಹಾರ್ನ್ ಹೊಡೆದು ಮರಾಠಿಯಲ್ಲಿ ಅವನ ಹಿರಿಯರನ್ನು ನೆನೆಸಿಕೊಂಡು ಪಕ್ಕದಿಂದ ಹೋದ.

“ಹಂಗಾದ್ರ ಮುಂದಿನ ಸಲ ನೀ ಕೈ ಎತ್ತಿ ಹಿಡಿ, ದನಿ ಪೂರಾ ಮುಗಿದ ಮ್ಯಾಲ ಇಳಸು. ಆಮ್ಯಾಲ ನಾ ಬೆರಳು ತಗೀತೀನಿ.”

ಆ ಮೇಲೆ ಲೋಕನಾಥನ ಆರ್ಕೆಸ್ಟ್ರಾ ಎಲ್ಲಿ ಹೋದರೂ ಕೊನೆಯ ಸ್ವರ ಹಿಡಿದು ಬಸವಪ್ರಭು ತಲೆ ಎತ್ತಿ ನಿಲ್ಲುತ್ತಿದ್ದ. ಜನ ಅದನ್ನು ಕಲಾವಿದರ ಢೌಲು ಎಂದು ತಿಳಿದರು. ಕೆಲವರು ಬೇಗ ಮುಗಿಸಪ್ಪಾ, ಬಸ್ಸು ತಪ್ಪುತ್ತದೆ ಎಂದು ಗೊಣಗಿದರು. ಅವನು ಬೆರಳು ಸಡಿಲಿಸುತ್ತಿರಲಿಲ್ಲ. ಮೊದಲ ಸಾಲಿನಲ್ಲಿ ಹಸಿರು ಬಳೆಯ ಒಂದು ಕೈ ಮೇಲೆ ಎತ್ತಿಕೊಂಡೇ ಇರುತ್ತಿತ್ತು. ಅದು ಇಳಿಯುವವರೆಗೆ ಅವನು ತಂತಿ ಬಿಡುತ್ತಿರಲಿಲ್ಲ.